ಹುಣಸೆಹಣ್ಣಿನಲ್ಲಿ ಬೆಳಗಿದ ತೋಟಾಗಳು

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ಬೆಳಗುವ ಚಟ. ಹಿತ್ತಾಳೆಯ ಸಾಮಾನು ಕಣ್ಣಿಗೆ ಬಿದ್ದರೆ ಸಾಕು, ನನ್ನ ಕೈ ತಾನಾಗಿ ಹುಣಸೆಹಣ್ಣಿನ ಡಬ್ಬಿಗೆ ಹೋಗುತ್ತದೆ. ನೆಂಟರ ಮನೆಗೆ ಹೋದರೂ ಅಷ್ಟೇ. ಅವರು ಕೊಟ್ಟ ಚೊಂಬಿನ ನೀರು ಕುಡಿಯುವ ಮೊದಲು ಚೊಂಬಿನ ತಳ ನೋಡುತ್ತೇನೆ. ನಮ್ಮಪ್ಪನ ಎಲೆ ಅಡಿಕೆ ಡಬ್ಬಿಯ ಮೇಲೆ ಅವರ ಹೆಸರು ಕೊರೆಸಿತ್ತು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಮನೆಗೆಲಸಕ್ಕೆ ನಿಂತ ಮೇಲೆ, ಉಜ್ಜಿ ಉಜ್ಜಿ ಆ ಹೆಸರೇ ಸವೆದುಹೋಯಿತು. ಅಪ್ಪ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, "ಹೋಗ್ಲಿ ಬಿಡಮ್ಮ, ನನ್ ಹೆಸ್ರು ಊರಿಗೆಲ್ಲ ಗೊತ್ತಲ್ಲ" ಅಂದಿದ್ದರು. ಆಗಲೇ ಅವರು ನನ್ನ ಕೈಗೆ ಎರಡು ಬಿಟ್ಟಿದ್ದರೆ ಇವತ್ತು ಇದನ್ನು ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಯಾಕೆಂದರೆ ಈ ಚಟದಿಂದಲೇ ನನ್ನ ಅಣ್ಣ ಕೃಷ್ಣಪ್ಪನ ಕಣ್ಣು ಮಂಜಾಯಿತು. ಮಂಜಾಯಿತು ಎಂದು ಅವನು ನಂಬಿದ್ದಾನೆ, ನಾನು ನಂಬಲು ಬಿಟ್ಟಿದ್ದೇನೆ. ನನ್ನ ತಪ್ಪು ಅಷ್ಟೇ. ಆದರೆ ಆ ಅಷ್ಟೇ ಎಂಬುದನ್ನು ಇಷ್ಟು ವರ್ಷ ಹೊತ್ತಿದ್ದೇನೆ.

ನಮ್ಮೂರು ಟೇಕಲ್ ಬೆಟ್ಟದ ಮಗ್ಗುಲಲ್ಲಿದೆ. ರಾಗಿ, ಹಿಪ್ಪುನೇರಳೆ, ಮಳೆಗಾಲದಲ್ಲಿ ಕಡಲೆಕಾಯಿ. ಕಡಲೆಕಾಯಿ ಬಲಿಯುವುದು ನಮಗಿಂತ ಮೊದಲು ಬೆಟ್ಟದ ನರಿಗಳಿಗೆ ಗೊತ್ತಾಗುತ್ತದೆ. ನಾವು ಇನ್ನೂ ಗಿಡ ಕಿತ್ತು ನೋಡೋಣವೇ ಬೇಡವೇ ಎಂದು ಯೋಚಿಸುವಾಗ ಅವು ಆಗಲೇ ಸಾಲು ಹಿಡಿದು ಕೆದಕಿರುತ್ತವೆ. ಹಾಗಾಗಿ ಬೆಳೆ ಕಾಯುವುದಕ್ಕೆಂದು ಅಪ್ಪನ ಕಾಲದಲ್ಲೇ ಲೈಸೆನ್ಸು ಪಡೆದ ಒಂದು ಬಂದೂಕು ನಮ್ಮ ಮನೆಯಲ್ಲಿತ್ತು. ಊರವರೆಲ್ಲ ಅದನ್ನು ರೈಫಲ್ ಅನ್ನುತ್ತಿದ್ದರು. ಅದು ರೈಫಲ್ ಅಲ್ಲ, ತೋಟಾ ಹಾಕುವ ಒಂಟಿ ನಳಿಕೆಯ ಬಂದೂಕು ಎಂದು ಅಣ್ಣ ತಿದ್ದುತ್ತಿದ್ದ. ತಿದ್ದುವಾಗಲೂ ಅವನ ಮುಖದಲ್ಲಿ ರೈಫಲ್ ಅಂದದ್ದರ ಖುಷಿ ಇರುತ್ತಿತ್ತು. ಅಪ್ಪ ಹೋದ ಮೇಲೆ ಲೈಸೆನ್ಸು ಅವನ ಹೆಸರಿಗೆ ಬಂತು. ಅಣ್ಣನದು ಸಾಧು ಸ್ವಭಾವ. ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡಲೂ ನಾಚುತ್ತಿದ್ದ. ಅಂಥವನಿಗೆ ಊರಿನಲ್ಲಿ ತಲೆಯೆತ್ತಿ ನಡೆಯಲು ಇದ್ದದ್ದು ಒಂದೇ ಹೆಸರು: ಕೃಷ್ಣಪ್ಪನ ಗುರಿ ತಪ್ಪುವುದಿಲ್ಲ.

ತೋಟಾ ಆರಿಸುವುದರಲ್ಲಿ ಅಣ್ಣನಿಗಿದ್ದ ಶ್ರದ್ಧೆ, ಹೆಣ್ಣು ನೋಡಲು ಹೋದಾಗಲೂ ಇರಲಿಲ್ಲ ಎಂದು ಅತ್ತಿಗೆ ಈಗಲೂ ಹೇಳುತ್ತಾಳೆ. ಕೋಲಾರಕ್ಕೆ ಹೋಗಿ ಅಂಗಡಿಯವನ ಮುಂದೆ ಅರ್ಧ ದಿನ ಕೂತು, ಒಂದೊಂದೇ ಮುಟ್ಟಿ ನೋಡಿ ತರುತ್ತಿದ್ದ. ಆಗಿನ ತೋಟಾ ಎಂದರೆ ಹೆಬ್ಬೆರಳು ಗಾತ್ರದ ದಪ್ಪ ಕಾಗದದ ಕೊಳವೆ. ಬುಡಕ್ಕೆ ಹಿತ್ತಾಳೆಯ ಟೋಪಿ, ಬಾಯಿಗೆ ರಟ್ಟಿನ ಬಿಲ್ಲೆ. ಒಳಗೆ ಮದ್ದು, ಸೀಸದ ಗುಂಡು. ಎಲ್ಲದರ ಮೈಬಣ್ಣವೂ ಒಂದೇ. ಒಳಗಿನ ಗುಂಡು ಸಣ್ಣದೋ ದಪ್ಪದೋ ಎಂಬುದು ಬಿಲ್ಲೆಯ ಮೇಲಿನ ನಂಬರಿನಿಂದ ಮಾತ್ರ ತಿಳಿಯಬೇಕು. ನನಗೆ ಅರ್ಥವಾಗಲೆಂದು ಅಣ್ಣ ಅಡುಗೆಮನೆಯ ಲೆಕ್ಕದಲ್ಲಿ ಹೇಳಿಕೊಟ್ಟಿದ್ದ.

"ನೋಡಮ್ಮ ರತ್ನಾ, ಇದು ಎಂಟನೇ ನಂಬರು. ಒಳಗಡೆ ಸಾಸಿವೆ ಇದ್ದಂಗೆ ಗುಂಡು, ಬೇಜಾನ್ ಇರ್ತವೆ, ಜರಡಿ ಥರ ಹರಡ್ಕೊಂಡು ಹೋಗ್ತವೆ. ಗುರಿ ಕಲಿಯಕ್ಕೆ, ಕುಡಿಕೆ ಒಡೆಯಕ್ಕೆ ಇದು. ನರಿಗೆ ಹೊಡೆದ್ರೆ ಮೈ ಕೆರ್ಕೊಂಡು ಹೋಗುತ್ತೆ ಅಷ್ಟೇ. ಇದು ಎಲ್ಜಿ. ಕಡಲೆಕಾಳು ಗಾತ್ರ, ಆದ್ರೆ ಬೆರಳೆಣಿಕೆಯಷ್ಟೇ ಇರೋದು. ನರಿಗೆ ಇದು. ಕುಡಿಕೆಗೆ ಹೊಡೆದ್ರೆ ಸಂದೀಲಿ ತೂರ್ಕೊಂಡು ಹೋಗ್ಬಿಡುತ್ತೆ."

ಪಕ್ಕದಲ್ಲಿ ಕೂತಿದ್ದ ನಮ್ಮ ಸೋದರಮಾವ ಸುಮ್ಮನಿರುವವರಲ್ಲ. ಮಾಲೂರಿನ ಹೆಂಚಿನ ಕಾರ್ಖಾನೆಗೆ ದಿನಾ ರೈಲಿನಲ್ಲಿ ಹೋಗಿ ಬರುವ ಅವರಿಗೆ, ರೈಲಿನಲ್ಲಿ ಕೇಳಿದ್ದನ್ನೆಲ್ಲ ನಮ್ಮ ಜಗಲಿಯ ಮೇಲೆ ಇಳಿಸುವುದು ರೂಢಿ. "ಏನ್ಲಾ ಅಳಿಯ, ನರಿಗೊಂದು ಕುಡಿಕೆಗೊಂದಾ? ಯಾವ್ದಾದ್ರೂ ಒಂದ್ ಹಾಕಿ ಢಂ ಅನ್ಸು. ನರಿ ಏನು ಎಗರಿ ಬಂದು ನಂಬರ್ ನೋಡುತ್ತಾ?" ಅಂದರು.

"ಮಾವ, ನೀನು ಮುದ್ದೆಗೆ ಸಾಸಿವೆ ಕಾಳಿನ ಸಾರು ಮಾಡ್ಸಿ ಉಣ್ತೀಯಾ? ಹಂಗೇನೇ ಇದೂ" ಎಂದ ಅಣ್ಣ. ಅವನಿಗೆ ಕೋಪ ಬಂದರೆ ಅಷ್ಟೇ ಮಾತು.

ನಾನು ಕೆಟ್ಟದ್ದು ಆ ವರ್ಷದ ಆಯುಧಪೂಜೆಯಲ್ಲಿ. ನಮ್ಮ ಕಡೆ ಅವತ್ತು ನೇಗಿಲು, ಕುಡುಗೋಲು, ಈಳಿಗೆಮಣೆ, ಹುಳು ಸಾಕುವ ತಟ್ಟೆ, ಹೀಗೆ ಕೈಗೆ ಅನ್ನ ಕೊಡುವುದನ್ನೆಲ್ಲ ತೊಳೆದು ಬೊಟ್ಟಿಟ್ಟು ಸಾಲಾಗಿ ಜೋಡಿಸುತ್ತೇವೆ. ಬಂದೂಕನ್ನು ಅಣ್ಣನೇ ಎಣ್ಣೆ ಬಟ್ಟೆಯಲ್ಲಿ ಒರೆಸಿ ಇಟ್ಟ. ತೋಟಾಗಳನ್ನು ಒಂದು ಬಿದಿರು ಬುಟ್ಟಿಯಲ್ಲಿ ಇಟ್ಟು, "ಇವುಕ್ಕೂ ಒಂದು ಬೊಟ್ಟಿಡಮ್ಮ" ಎಂದು ಹೇಳಿ ಬಾಳೆಕಂದು ತರಲು ಹೋದ. ಬೊಟ್ಟು ಎಂದರೆ ಬೊಟ್ಟು. ಅಷ್ಟಕ್ಕೆ ನಿಲ್ಲಬೇಕಿತ್ತು. ಆದರೆ ಆ ಹಿತ್ತಾಳೆ ಟೋಪಿಗಳು ಮಂಕಾಗಿದ್ದವು. ಪಕ್ಕದಲ್ಲೇ ನಾನು ಬೆಳಗಿದ ದೀಪಾಲೆ ಕಂಬಗಳು ಬಂಗಾರದಂತೆ ಹೊಳೆಯುತ್ತಿದ್ದವು. ಪೂಜೆಗೆ ಬರುವ ಹೆಂಗಸರು ಏನೆಂದಾರು? ಎಲ್ಲವನ್ನೂ ಒಂದೇ ಬೇಸಿನ್ನಿಗೆ ಸುರಿದೆ. ಹುಣಸೆಹಣ್ಣು, ಚಿಟಿಕೆ ಬೂದಿ. ಬುಡ ಬೆಳಗಿದ ಮೇಲೆ ಬಾಯಿ ಬಿಟ್ಟರೆ ಅರೆಬರೆ ಕೆಲಸವಾದೀತೆಂದು ಅಲ್ಲಿಗೂ ಉಜ್ಜಿದೆ. ತೊಳೆದು, ಮೊರದಲ್ಲಿ ಸಂಡಿಗೆಯಂತೆ ಹರಡಿ ಬಿಸಿಲಿಗಿಟ್ಟು, ಕಾಗೆ ಬಾರದಂತೆ ಕಾದೆ. ಕಾಗೆಗೆ ತೋಟಾದಿಂದ ಏನಾಗಬೇಕಿತ್ತೋ ನನಗೆ ತಿಳಿಯದು.

ಬೊಟ್ಟಿಡಲು ಒಂದನ್ನು ಎತ್ತಿಕೊಂಡಾಗ ನೋಡುತ್ತೇನೆ, ಬಿಲ್ಲೆಯ ಮೇಲೆ ನಂಬರಿಲ್ಲ. ಇನ್ನೊಂದು ನೋಡಿದೆ, ಅದರಲ್ಲೂ ಇಲ್ಲ. ಅಪ್ಪನ ಡಬ್ಬಿಯ ಮೇಲಿನ ಹೆಸರು ಹೋದ ದಾರಿಯಲ್ಲೇ ಎಲ್ಲ ಹೋಗಿದ್ದವು. ಕಾಗದದ ಮೈ ಕೂಡ ಸ್ವಲ್ಪ ಉಬ್ಬಿತ್ತು. ಆಗ ಅಣ್ಣನ ಹತ್ತಿರ ಓಡಿಹೋಗಿ ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಅದೂ ಅಣ್ಣನ ಬೈಗುಳ, ತಲೆ ಸವರಿದ ಹಾಗೆ ಇರುತ್ತದೆ. ಆದರೆ ಬೆಳಗುವುದರಲ್ಲಿ ರತ್ನಳನ್ನು ಮೀರಿಸುವವರಿಲ್ಲ ಎನ್ನಿಸಿಕೊಂಡವಳು ನಾನು. ದಪ್ಪ ಕಾಳು ತುಂಬಿದ್ದು ಭಾರ ಇರಲೇಬೇಕು ಎಂದು ಯೋಚಿಸಿ, ಬದನೆಕಾಯಿ ಆರಿಸುವಂತೆ ಒಂದೊಂದನ್ನೂ ಅಂಗೈಯಲ್ಲಿ ತೂಗಿದೆ. ಭಾರ ಅನ್ನಿಸಿದ್ದು ನರಿಗೆ, ಹಗುರ ಅನ್ನಿಸಿದ್ದು ಕುಡಿಕೆಗೆ. ಎರಡರ ತೂಕವೂ ಹೆಚ್ಚುಕಡಿಮೆ ಒಂದೇ ಎಂದು ಆಮೇಲೆ ತಿಳಿಯಿತು. ಪ್ರತಿಯೊಂದರ ಬಾಯಿಗೂ ಗಂಧ ಹಚ್ಚಿ, ಮೇಲೆ ದೊಡ್ಡದಾಗಿ ಕುಂಕುಮವಿಟ್ಟೆ. ನರಿಯವಕ್ಕೆ ಪಕ್ಕದಲ್ಲಿ ಒಂದು ಅರಿಶಿನದ ಬೊಟ್ಟೂ ಇಟ್ಟು, ಅದೇ ಗುರುತೆಂದು ಅಣ್ಣನಿಗೆ ಹೇಳಿದೆ. ಪೂಜೆಯ ಕುಂಕುಮವನ್ನು ಅಣ್ಣ ಒರೆಸುವುದಿಲ್ಲ. ಇದೂ ನನಗೆ ಗೊತ್ತಿತ್ತು.

ಮಾರನೆಯ ದಿನ ವಿಜಯದಶಮಿ. ನಮ್ಮೂರಲ್ಲಿ ಅವತ್ತು ಸಂಜೆ ಬನ್ನಿಮರದ ಹತ್ತಿರ, ಕೆರೆಯ ಕಡೆಗೆ ಬಾಗಿದ ಕೊಂಬೆಗೆ ಓಕುಳಿ ತುಂಬಿದ ಮಣ್ಣಿನ ಕುಡಿಕೆ ಕಟ್ಟುತ್ತಾರೆ. ಬಂದೂಕಿನಿಂದ ಅದನ್ನು ಒಡೆದು ಕೆಂಪು ನೀರು ನೆಲಕ್ಕೆ ಬಿದ್ದ ಮೇಲೆಯೇ ಬನ್ನಿ ಪತ್ರೆ ಹಂಚುವುದು. ಅಣ್ಣ ತೋಟಾ ತೂರಿಸುವಾಗ ಅದು ಬಿಗಿಯಾಗಿತ್ತು. "ಥಂಡಿಗೆ ಉಬ್ಬಿರ್ಬೇಕು" ಅಂದುಕೊಂಡು ಒತ್ತಿದ. ಹೊಡೆದ. ಕುಡಿಕೆ ಅಲ್ಲಾಡಲಿಲ್ಲ. ಜನ ಗಾಳಿಯೆಂದರು. ಮತ್ತೆ ಹೊಡೆದ. ಆಗಲೂ ಒಡೆಯಲಿಲ್ಲ. ಕೊನೆಗೆ ಮಾವ, "ಸಾಕು ಬಿಡ್ಲಾ ಅಳಿಯ, ಪತ್ರೆ ಒಣಗೋಗುತ್ತೆ" ಎಂದು ಒಂದು ಕಲ್ಲು ಎತ್ತಿ ಬೀಸಿದರು. ಕುಡಿಕೆ ಒಂದೇ ಏಟಿಗೆ ಒಡೆಯಿತು. ಇಡೀ ಊರು ನಕ್ಕಿತು. ಅಣ್ಣನೂ ನಕ್ಕ. ಎಲ್ಲರಿಗಿಂತ ಕೊನೆಯಲ್ಲಿ ನಗು ನಿಲ್ಲಿಸಿದವನು ಅವನೇ.

ಆ ವಾರ ಬೆಳಗಿನ ಜಾವ ಕಡಲೆಕಾಯಿ ಹೊಲಕ್ಕೆ ನರಿ ಕಾಯಲು ಹೋದ. ನಾನು ಕಾಫಿ ಚೊಂಬು ಹಿಡಿದು ಬದುವಿನ ಮೇಲೆ ಬರುವಾಗ ಬಂದೂಕಿನ ಸದ್ದಾಯಿತು. ನರಿಯೊಂದು ಎಗರಿ, ಮೈ ಕೊಡವಿ, ಅಣ್ಣನ ಕಡೆ ಒಮ್ಮೆ ತಿರುಗಿ ನೋಡಿ ಬೆಟ್ಟದ ಕಡೆ ನಡೆದುಹೋಯಿತು. ಓಡಲಿಲ್ಲ, ನಡೆದುಹೋಯಿತು. ಅಣ್ಣ ಬಂದೂಕನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. "ಎದುರುಗಡೇನೇ ಇತ್ತು ಕಣಮ್ಮ" ಅಂದ. ಆಮೇಲೆ ತನ್ನ ಎರಡು ಕಣ್ಣುಗಳನ್ನೂ ಒಂದೊಂದಾಗಿ ಮುಚ್ಚಿ, ಬೆಟ್ಟವನ್ನು ನೋಡತೊಡಗಿದ. ಕಾಫಿ ಆರಿಹೋಯಿತು.

ನನಗೆ ತಡೆಯಲಾಗಲಿಲ್ಲ. "ಅಣ್ಣಾ, ತೋಟಾನೇ ಸರಿ ಇಲ್ದೇ ಇರ್ಬೋದಲ್ಲ?" ಅಂದೆ.

"ತೋಟಾ ಮೇಲೆ ತಪ್ಪು ಹಾಕ್ಬಾರ್ದು. ನಾನೇ ಆರಿಸ್ಕೊಂಡು ತಂದಿದ್ದು, ನೀನು ಕೈಯಾರೆ ಪೂಜೆ ಮಾಡಿ ಕೊಟ್ಟಿದ್ದು. ಕೆಟ್ಟಿರೋದು ನನ್ ಕಣ್ಣೇ."

ನಾನು ಆರಿದ ಕಾಫಿಯ ಚೊಂಬು ಎತ್ತಿಕೊಂಡು ಮನೆಯ ಕಡೆ ಹೊರಟೆ. ಅವನು ಇನ್ನೊಂದು ಮಾತು ಆಡಿದ್ದರೆ ನಾನು ಹೇಳಿಬಿಡುತ್ತಿದ್ದೆ ಎಂದು ಬಹಳ ಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದೂ ಒಂದು ಬಗೆಯ ಬೆಳಗುವುದೇ.

ಅಣ್ಣ ಕೋಲಾರದ ಕಣ್ಣಿನ ಡಾಕ್ಟರ ಹತ್ತಿರ ಹೋದ. ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಓದಿಸಿ, ಕಣ್ಣು ಚೆನ್ನಾಗಿದೆ ಹೋಗಪ್ಪ ಅಂದರು. "ಗೋಡೆ ಮೇಲೆ ಅಕ್ಷರ ಓದೋದು ಬೇರೆ, ನರಿ ನೋಡೋದು ಬೇರೆ. ಆ ಡಾಕ್ಟರು ಇನ್ನೂ ಚಿಕ್ಕ ಹುಡ್ಗ" ಎಂದು ಅಣ್ಣ ಶ್ರೀನಿವಾಸಪುರದ ಸಂತೆಯಲ್ಲಿ ಒಂದು ಕನ್ನಡಕ ಕೊಂಡ. ಅದನ್ನು ಹಾಕಿಕೊಂಡ ಮೇಲೆ ಅವನಿಗೆ ನಿಜವಾಗಿಯೂ ಸರಿಯಾಗಿ ಕಾಣದಾಯಿತು. ಹೊಸ್ತಿಲು ಎಡವುತ್ತಿದ್ದ, ಕರುವನ್ನು ನಾಯಿಯೆಂದು ಗದರುತ್ತಿದ್ದ. ತನ್ನ ಅನುಮಾನ ಖಾತ್ರಿಯಾಯಿತೆಂದು ಅವನಿಗೆ ಒಂದು ಥರ ನೆಮ್ಮದಿ. ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣೆಗೆ ಮೊದಲು ಲೈಸೆನ್ಸಿನ ಬಂದೂಕುಗಳನ್ನೆಲ್ಲ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕು, ಮುಗಿದ ಮೇಲೆ ವಾಪಸು ತರಬೇಕು. ಅಣ್ಣ ಉಳಿದ ತೋಟಾಗಳ ಸಮೇತ ಒಪ್ಪಿಸಿ ಬಂದ. ವಾಪಸು ತರಲು ಹೋಗಲಿಲ್ಲ. ಮುಂದಿನ ಆಯುಧಪೂಜೆಯಲ್ಲಿ ಬಂದೂಕು ಇಡುತ್ತಿದ್ದ ಜಾಗದಲ್ಲಿ ಅತ್ತಿಗೆ ಹಾಲಿನ ಕ್ಯಾನು ಇಟ್ಟಳು. ಅಣ್ಣ ನೋಡಿ, ಕ್ಯಾನನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದ.

ದೇವರ ಗೂಡಿನ ಹಿಂದೆ ಒಂದು ತೋಟಾ ಉರುಳಿ ಬಿದ್ದದ್ದು ಆಮೇಲೆ ನನಗೆ ಸಿಕ್ಕಿತು. ನರಿಯ ಗುಂಪಿನದು ಎಂಬುದು ಕುಂಕುಮದ ಪಕ್ಕ ನಾನೇ ಇಟ್ಟಿದ್ದ ಅರಿಶಿನದ ಬೊಟ್ಟಿನಿಂದ ತಿಳಿಯಿತು. ಹಿತ್ತಲಿಗೆ ಒಯ್ದು ಬಾಯಿಯ ರಟ್ಟು ಎಬ್ಬಿಸಿ ಅಂಗೈಗೆ ಸುರಿದುಕೊಂಡೆ. ಸಾಸಿವೆ. ಅಂಗೈ ತುಂಬ ಸಾಸಿವೆ. ಅಣ್ಣನ ಕಣ್ಣಿಗೆ ಏನೂ ಆಗಿರಲಿಲ್ಲ.

ಮುಂದೆ ಆ ಕಲ್ಲು ಹೊಡೆದ ಸೋದರಮಾವನನ್ನೇ ನಾನು ಮದುವೆಯಾದೆ. ಅಣ್ಣನ ಮನೆಗೆ ಎದುರು ಮನೆ. ಒಂದು ದಿನ ಅವರಿಗೆ ಎಲ್ಲ ಹೇಳಿ ಅತ್ತೆ. ಅವರು ಅಪರೂಪಕ್ಕೆ ನಗಲಿಲ್ಲ. "ಹೇಳ್ಬೇಕು ಅಂದ್ರೆ ಹೇಳು. ಆದ್ರೆ ಇಷ್ಟ್ ವರ್ಷ ಮೂಗಿನ ಮೇಲೆ ಕೂತಿರೋ ಆ ಕನ್ನಡಕಾನ ಅವ್ನು ಎಲ್ಲಿಡ್ಬೇಕೇ?" ಅಂದರು. ನಾನು ಆ ಪ್ರಶ್ನೆಯ ಹಿಂದೆ ಬಚ್ಚಿಟ್ಟುಕೊಂಡು ಮತ್ತಷ್ಟು ವರ್ಷ ಕಳೆದೆ.

ಈಗ ಸಂಜೆ ಸಂಜೆ ಅಣ್ಣ ನಮ್ಮ ಜಗಲಿಗೆ ಬಂದು ಕೂರುತ್ತಾನೆ. ಏಳನೇ ಕ್ಲಾಸು ಓದಿದವನು, ನನಗಿಂತ ಬಲ್ಲವನು. ಆದರೆ ಕಣ್ಣು ಸರಿಯಿಲ್ಲವಲ್ಲ, ಪೇಪರು, ವಾರಪತ್ರಿಕೆ ಎಲ್ಲ ನಾಲ್ಕನೇ ಕ್ಲಾಸಿನ ನಾನೇ ಓದಿ ಹೇಳಬೇಕು. ನಾನು ಎಡವಿದ ಪದವನ್ನು ಅವನು ದೂರದಿಂದಲೇ ನೋಡಿ ತಿದ್ದುತ್ತಾನೆ. ಅದು ಹೇಗೆ ಕಂಡಿತು ಎಂದು ನಾನೂ ಕೇಳುವುದಿಲ್ಲ, ಅವನೂ ಯೋಚಿಸುವುದಿಲ್ಲ. ಹೀಗೆ ಓದಿ ಓದಿಯೇ ನನಗೂ ನಾಲ್ಕು ಸಾಲು ಬರೆಯುವ ಧೈರ್ಯ ಬಂದದ್ದು. ಬಾಯಲ್ಲಿ ಆಗದ್ದನ್ನು ಬರೆದರೆ ಹೇಳಿದಂತಾಯಿತು, ಅಚ್ಚಾದರೆ ಅಣ್ಣನಿಗೆ ತಿಳಿದೇ ತಿಳಿಯುತ್ತದೆ ಎಂದು ಇಷ್ಟನ್ನೂ ಬರೆದು ಮುಗಿಸಿದೆ. ಮುಗಿಸಿದ ಮೇಲೆ ಹೊಳೆಯಿತು, ಅಚ್ಚಾದ ಮೇಲೂ ಇದನ್ನು ಅವನ ಎದುರು ಓದಬೇಕಾದವಳು ನಾನೇ. ಈಗ ಪೆನ್ಸಿಲ್ ಹಿಡಿದು, ಓದುವಾಗ ಯಾವ ಯಾವ ಸಾಲು ಬಿಡಬೇಕೆಂದು ಗುರುತು ಹಾಕುತ್ತಾ ಕೂತಿದ್ದೇನೆ. ಗುರುತು ಹಾಕಿದ್ದನ್ನೆಲ್ಲ ಬಿಟ್ಟು ಒಮ್ಮೆ ಓದಿಯೂ ನೋಡಿದೆ. ಹುಣಸೆಹಣ್ಣಿನಲ್ಲಿ ಹಿತ್ತಾಳೆ ಬೆಳಗುವುದು ಹೇಗೆಂಬ ಬಗ್ಗೆ ಉಪಯುಕ್ತವಾದ ಲೇಖನವೇ ಆಗಿದೆ.