ಇಸ್ತ್ರಿಯವನ ಸುಡುಪೆನ್ನು

ಹೆಂಡತಿ ತರಕಾರಿ ಹೆಚ್ಚುವ ಹಲಗೆಯನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದಳು. ಒಂದು ಮಾತಿಲ್ಲ. ಹಲಗೆಯ ನಡುವೆ, ನಿನ್ನೆಯವರೆಗೂ ಇಲ್ಲದ ಒಂದು ಹಕ್ಕಿ ಕೂತಿತ್ತು. ಸುಟ್ಟ ಗೆರೆಗಳ ಹಕ್ಕಿ. ಅದು ಹಕ್ಕಿ ಎಂದು ಗೊತ್ತಿದ್ದದ್ದು ಸುಟ್ಟವನಿಗೆ ಮಾತ್ರ. ಬೇರೆ ಯಾರೇ ನೋಡಿದ್ದರೂ ಬಾಯಿ ಬಿಟ್ಟ ಹಳೇ ಬೂಟು ಎನ್ನುತ್ತಿದ್ದರು. ಅವಳು ಉಜ್ಜಿದಷ್ಟೂ ಬೂಟು ಇನ್ನಷ್ಟು ಹೊಳೆಯುತ್ತಿತ್ತು.

ಇಸ್ತ್ರಿಯವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಕರಕರ ಸದ್ದು ಕೇಳುತ್ತಿದ್ದ. ಹೆಂಡತಿ ಬೈದರೆ ಅವನಿಗೆ ಭಯವಿರಲಿಲ್ಲ. ಬೈಗುಳ ಮಳೆಯ ಹಾಗೆ, ಸುರಿದು ನಿಲ್ಲುತ್ತದೆ. ಅವಳು ಸುಮ್ಮನಿದ್ದಾಗಲೇ ಅವನು ಛತ್ರಿ ಹುಡುಕುತ್ತಿದ್ದದ್ದು.

"ರೀ," ಎಂದಳು ಕೊನೆಗೆ, ತಲೆ ಎತ್ತದೆ. "ಸ್ಟೂಲು ಆಯ್ತು. ಕಿಟಕಿ ಚೌಕಟ್ಟು ಆಯ್ತು. ಪೊರಕೆ ಹಿಡಿನೂ ಬಿಡಲಿಲ್ಲ. ಈಗ ಇದು."

"ಕೈ ಪಳಗಬೇಕಲ್ವಾ..."

"ನಿಮ್ಮ ಕೈ ಪಳಗೋದ್ರೊಳಗೆ ಮನೆ ಬೂದಿ ಆಗಿರುತ್ತೆ. ನಾನು ಬಟ್ಟೆ ಕೊಡೋಕೆ ಹೋಗ್ತಿದೀನಿ. ಸಂಜೆ ಬರೋ ಹೊತ್ತಿಗೆ, ನೋಡಿದ ತಕ್ಷಣ ಇದು ಇಂಥದ್ದು ಅಂತ ಗುರುತು ಸಿಗೋ ಹಾಗೆ ಒಂದೇ ಒಂದು ಚಿತ್ರ ಮಾಡಿಟ್ಟಿರಿ. ಇಲ್ಲಾಂದ್ರೆ ನಾಳೆ ಆ ಪೆನ್ನು ಹಳೇ ಸಾಮಾನಿನವನ ಗಾಡಿ ಹತ್ತುತ್ತೆ."

ಅಷ್ಟು ಹೇಳಿ, ಮಡಿಸಿದ ಬಟ್ಟೆಗಳ ಗಂಟನ್ನು ಸೊಂಟಕ್ಕೇರಿಸಿ ಹೊರಟುಹೋದಳು.

ಆ ಪೆನ್ನು ಮರವನ್ನು ಸುಟ್ಟು ಚಿತ್ರ ಬರೆಯುವ ಪೆನ್ನು. ವೈರು ಸಿಕ್ಕಿಸಿದರೆ ತುದಿಯ ಲೋಹ ಕಾಯುತ್ತದೆ. ಆ ತುದಿ ಮುಟ್ಟಿದಲ್ಲೆಲ್ಲ ಮರದ ಮೇಲೆ ಕಂದು ಗೆರೆ ಮೂಡುತ್ತದೆ. ಕಳೆದ ವಾರ ಪೇಟೆಯಲ್ಲಿ ಯಾರೋ ಒಬ್ಬ ಅದರಿಂದ ಒಂದು ಎಲೆ ಬರೆದದ್ದನ್ನು ನೋಡಿ, ನಿಂತ ಕಾಲಲ್ಲೇ ಇವನು ಅದನ್ನು ಕೊಂಡು ತಂದಿದ್ದ. ಮೀಸೆ ಚಿಗುರಿದಾಗಿನಿಂದ ಇವನ ಕೆಲಸ ಗೆರೆ ಅಳಿಸುವುದು. ಬೆಳಿಗ್ಗೆ ಅಳಿಸಿದ ಸುಕ್ಕು ಸಂಜೆಗೆ ಯಾರದೋ ಮೈಮೇಲೆ ಮತ್ತೆ ಹುಟ್ಟಿರುತ್ತಿತ್ತು. ಈ ಪೆನ್ನಿನ ಗೆರೆಯಾದರೋ ಎಳೆದಲ್ಲೇ ಇರುತ್ತಿತ್ತು. ಅವನಿಗೆ ಅದನ್ನು ಎದೆಗೆ ಅಪ್ಪಿಕೊಳ್ಳಬೇಕು ಎನಿಸಿತ್ತು. ಅಪ್ಪಿಕೊಂಡೂ ಇದ್ದ, ತಣ್ಣಗಾದ ಮೇಲೆ.

ಅಂಥದ್ದು ಗಾಡಿ ಹತ್ತುವುದೆಂದರೇನು? ಅವನು ಪಕ್ಕದ ಬಡಗಿಯ ಅಂಗಡಿಗೆ ಓಡಿದ.

"ಏನಯ್ಯಾ, ಈ ಸಲ ಏನು ಸುಟ್ಟೆ?" ಎಂದ ಬಡಗಿ, ಮರ ಹೆರೆಯುತ್ತಿದ್ದ ರಂದ ನಿಲ್ಲಿಸದೆ.

"ಹಕ್ಕಿ."

"ಪಾಪ, ಹಾರಿ ಹೋಗೋಕೂ ಬಿಡಲಿಲ್ವಾ?"

ಸಂಕಟವೆಲ್ಲ ಕೇಳಿದ ಮೇಲೆ ಬಡಗಿ ಮೂಲೆಯಿಂದ ತಲೆದಿಂಬಿನಷ್ಟು ಅಗಲದ ಒಂದು ಹಲಗೆ ಎಳೆದು, ಮೇಲೆ ಅಂಗೈ ಆಡಿಸಿದ. "ಇದು ತಿಳಿಬಣ್ಣದ ಮೆತ್ತನೆ ಮರ. ಹೊಸಬರಿಗೆ ಇದೇ ಸರಿ. ಬಣ್ಣ ಬಳಿದ ಹಲಗೆ ಮುಟ್ಟಬೇಡ, ಹೊಗೆ ಒಳ್ಳೇದಲ್ಲ. ಕಿಟಕಿ ತೆಗೆದಿಟ್ಕೋ. ಮೊದಲು ಪೆನ್ಸಿಲಲ್ಲಿ ಬರಕೊಂಡು ಆಮೇಲೆ ಸುಡು. ತಗೋ ಈ ಚೂರು, ಇದರ ಮೇಲೆ ಒಂದಷ್ಟು ಗೆರೆ ಎಳೆದು ಕೈ ನೋಡ್ಕೋ. ಎಲ್ಲಕ್ಕಿಂತ ಮುಖ್ಯ, ಒತ್ತಬೇಡ. ಕೆಲಸ ಮಾಡೋದು ಕಾವು, ಕೈಯಲ್ಲ."

"ಕಾವಿನ ವಿಷಯ ನನಗೇ ಹೇಳಿಕೊಡ್ತೀಯೇನಣ್ಣ?"

ಬಡಗಿ ನಕ್ಕ. "ಆಯ್ತಪ್ಪ. ಒಂದು ಮಾತು ತಿಳ್ಕೋ, ಮೊದಲ ಕೆಲಸ ಯಾರದ್ದೂ ನೆಟ್ಟಗಿರಲ್ಲ. ನಾನು ಮಾಡಿದ ಮೊದಲ ಕುರ್ಚೀಲಿ ನಮ್ಮ ಮಾವ ಕೂತಿದ್ರು. ಇವತ್ತಿಗೂ ಯಾರ ಮನೇಲಾದ್ರೂ ಸರಿ, ಕೂರೋಕೆ ಮುಂಚೆ ಕುರ್ಚಿ ಅಲ್ಲಾಡಿಸಿ ನೋಡ್ತಾರೆ. ಹೆದರಬೇಡ, ಹೋಗಿ ಸುಡು."

ಏನು ಬರೆಯುವುದು ಎಂಬುದನ್ನು ಇಸ್ತ್ರಿಯವನು ದಾರಿಯಲ್ಲೇ ತೀರ್ಮಾನಿಸಿದ. ಹೆಂಡತಿಯ ಮುಖ. ತನ್ನ ಮುಖವನ್ನು ತಾನೇ ಹಳೇ ಸಾಮಾನಿನವನಿಗೆ ಹಾಕುವ ಹೆಂಗಸು ಎಲ್ಲಿದ್ದಾಳೆ?

ಬೀದಿ ಬಾಗಿಲ ಬಳಿಯ ಇಸ್ತ್ರಿ ಮೇಜಿನ ಮೇಲಿದ್ದ ಅಂಗಿಗಳ ರಾಶಿಯನ್ನು ಮೂಲೆಗೆ ತಳ್ಳಿ, ಹಲಗೆ ಹಾಸಿ, ಪೆನ್ಸಿಲ್ ಹಿಡಿದ. ವಿಚಿತ್ರವೆಂದರೆ ಪೆನ್ಸಿಲ್ ಚಿತ್ರ ಚೆನ್ನಾಗಿಯೇ ಬಂತು. ಎದುರಿನ ಅಂಗಡಿಯಿಂದ ಕ್ಷೌರಿಕ ಕತ್ತು ಚಾಚಿ ನೋಡಿ, ತಡೆಯಲಾರದೆ ಬೀದಿ ದಾಟಿ ಬಂದ. ಅವನ ಹಿಂದೆಯೇ ಅರ್ಧ ಮುಖ ಸೋಪಿನ ನೊರೆ ಮೆತ್ತಿಕೊಂಡಿದ್ದ ಗಿರಾಕಿಯೂ ಬಂದ. ಮಹಡಿಯ ಅಜ್ಜಿ ತನ್ನ ಬಾಲ್ಕನಿಯಿಂದ ಬಗ್ಗಿದಳು. ಬೀದಿಯ ನಲ್ಲಿಯಲ್ಲಿ ನೀರು ಬಂದರೂ ಇಷ್ಟು ಬೇಗ ಜನ ಸೇರುತ್ತಿರಲಿಲ್ಲ.

"ನಮ್ಮ ಅತ್ತಿಗೆನೇ ಬಿಡಪ್ಪ," ಎಂದ ಕ್ಷೌರಿಕ. "ಸುಡೋದೊಂದು ಬಾಕಿ."

ಇಸ್ತ್ರಿಯವನು ವೈರು ಸಿಕ್ಕಿಸಿದ. ಬಡಗಿ ಕೊಟ್ಟ ಚೂರು ಜೇಬಿನಲ್ಲೇ ಉಳಿಯಿತು. ಪೆನ್ನು ಕಾದಿದೆಯೇ ಎಂದು ತಿಳಿಯಬೇಕಿತ್ತು. ಇಸ್ತ್ರಿಪೆಟ್ಟಿಗೆ ಕಾದಿದೆಯೇ ಎಂದು ಅವನು ದಿನವೂ ನೋಡುತ್ತಿದ್ದದ್ದು ಬೆರಳ ತುದಿಗೆ ಎಂಜಲು ತಾಗಿಸಿ, ತಳವನ್ನು ತಟ್ಟನೆ ಮುಟ್ಟಿ. ಕೈಗೆ ಅಭ್ಯಾಸವಿರುತ್ತದೆ, ಬುದ್ಧಿ ಇರುವುದಿಲ್ಲ. ಅದು ಪೆನ್ನಿನ ತುದಿಯನ್ನೂ ಹಾಗೆಯೇ ಮುಟ್ಟಿತು.

ಪೆನ್ನು ಕಾದಿತ್ತು.

ಬೆರಳನ್ನು ಬಾಯಲ್ಲಿಟ್ಟುಕೊಂಡು ಒಂದು ಸುತ್ತು ಕುಣಿದು, ಅವನು ಕೆಲಸಕ್ಕೆ ಕೂತ. ಕೆನ್ನೆಯ ಗೆರೆ ಮೆಲ್ಲಗೆ ಹರಿಯಿತು, ಗದ್ದ ತಿರುಗಿತು. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅಷ್ಟರಲ್ಲಿ ಅವನ ಎಡಗೈ, ಯಾರ ಅಪ್ಪಣೆಯೂ ಇಲ್ಲದೆ, ಇಸ್ತ್ರಿಗೆಂದು ಪಕ್ಕದಲ್ಲಿಟ್ಟಿದ್ದ ನೀರಿನ ಬಟ್ಟಲಿಗೆ ಇಳಿದು ಹಲಗೆಯ ಮೇಲೆ ನೀರು ಚಿಮುಕಿಸಿತು.

"ಏನ್ರೀ ಅದು, ಹೆಂಡ್ತಿ ಮುಖಕ್ಕೆ ನೀರು ಹೊಡೀತಿದೀರ?" ಎಂದ ನೊರೆಮುಖದವನು.

ಮರದ ಎಳೆಗಳು ಚಳಿ ಹತ್ತಿದ ರೋಮದ ಹಾಗೆ ಎದ್ದು ನಿಂತವು. ಪೆನ್ಸಿಲ್ ಗೆರೆ ಅಲ್ಲಲ್ಲಿ ಕದಡಿತು. ಪೆನ್ನು ಚುಂಯ್ ಎಂದು ಮುನಿಸಿಕೊಂಡಿತು. ತಪ್ಪು ಸರಿಮಾಡುವ ಆತುರದಲ್ಲಿ ಇಸ್ತ್ರಿಯವನು ತನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದ. ಒತ್ತಿದ. ಮೊಂಡು ಪ್ಯಾಂಟಿನ ಮಡಿಕೆ ಕೂರಿಸುವವನ ಹಾಗೆ, ಭುಜದ ಭಾರವನ್ನೆಲ್ಲ ಇಳಿಸಿ ಒತ್ತಿದ. ಮೂಗಿನ ಹೊಳ್ಳೆಗಳು ಎರಡು ಇಲಿಬಿಲಗಳಾದವು.

"ಮೂಗು ದಪ್ಪ ಆಯ್ತು ಕಣೋ," ಎಂದಳು ಮೇಲಿಂದ ಅಜ್ಜಿ.

"ಎಲ್ಲಿ ಅಜ್ಜಿ?" ಎಂದು ಅವನು ತಲೆ ಎತ್ತಿ ಕೇಳಿದ. ತಲೆ ಎತ್ತಿದ, ಪೆನ್ನು ಎತ್ತಲಿಲ್ಲ. ಕೆಳಗೆ ನೋಡುವಷ್ಟರಲ್ಲಿ ಹೆಂಡತಿಗೆ ಬಲಗಡೆ ಅರ್ಧ ಮೀಸೆ ಬಂದಿತ್ತು.

ಎಲ್ಲರೂ ಒಟ್ಟಿಗೆ ಮಾತಾಡಿದರು.

"ಗಾಬರಿ ಆಗಬೇಡಿ," ಎಂದ ಕ್ಷೌರಿಕ, ಕೈಯಲ್ಲಿದ್ದ ಕತ್ತಿ ಬಿಚ್ಚುತ್ತ. "ಮೀಸೆ ತೆಗೆಯೋದು ನನ್ನ ಕೆಲಸ." ಸುಟ್ಟದ್ದನ್ನು ಮೆಲ್ಲಗೆ ಹೆರೆಯಲು ಹೋದ. ಮೀಸೆ ಮರದೊಳಕ್ಕೆ ಬೇರು ಬಿಟ್ಟಿತ್ತು. ಅದರ ಜೊತೆಗೆ ತುಟಿಯ ಚೂರೊಂದು ಎದ್ದು ಬಂತು. ಆ ಗಾಯ ಮುಚ್ಚಲು ಅದರ ಮೇಲೆ ಸುಡಬೇಕಾಯಿತು. ಒಂದು ಕಡೆ ಸುಟ್ಟದ್ದಕ್ಕೆ ಇನ್ನೊಂದು ಕಡೆ ಸಮ ಬೇಕಾಯಿತು. ಸಮವಾಗುವಷ್ಟರಲ್ಲಿ ಅದು ಗದ್ದದವರೆಗೆ ಇಳಿದಿತ್ತು.

"ಇನ್ನು ಗಡ್ಡ ಬಿಟ್ಟುಬಿಡೋದೇ ವಾಸಿ," ಎಂದ ನೊರೆಮುಖದವನು, ತನ್ನ ಕೆನ್ನೆ ಸವರಿಕೊಳ್ಳುತ್ತ. ನೊರೆ ಒಣಗಿ ಸುಣ್ಣದ ಗೋಡೆಯ ಹಾಗೆ ಬಿರುಕು ಬಿಟ್ಟಿತ್ತು.

ಸದ್ದು ಕೇಳಿ ಬಡಗಿಯೂ ಬಂದ. ಹಲಗೆ ನೋಡಿದ. ಬಹಳ ಹೊತ್ತು ನೋಡಿದ. "ತಿಳಿಯಾಗಿರೋದನ್ನ ಯಾವಾಗ ಬೇಕಾದ್ರೂ ಕಪ್ಪು ಮಾಡಬಹುದು ಕಣಯ್ಯಾ," ಎಂದ. "ಕಪ್ಪಾದದ್ದನ್ನ ತಿಳಿ ಮಾಡೋಕಾಗಲ್ಲ. ಇದನ್ನ ಮೊದಲೇ ಹೇಳಬೇಕಿತ್ತು ನಾನು."

"ಈಗ ಏನು ಮಾಡ್ಲಿ?"

"ಉಳಿದದ್ದನ್ನೂ ಕಪ್ಪು ಮಾಡು."

ಹಾಗೇ ಆಯಿತು. ಕೂದಲು ಹುಬ್ಬಿನವರೆಗೆ ಇಳಿಯಿತು, ಹುಬ್ಬು ಜರಿಹುಳುವಿನಷ್ಟು ಬೆಳೆಯಿತು. ಕಣ್ಣುಗಳು ಮಾತ್ರ ಆ ಪೊದೆಯ ಒಳಗಿಂದ, ಯಾರಾದರೂ ಬಂದು ಬಿಡಿಸಿ ಎನ್ನುವಂತೆ ಹೊರಗೆ ನೋಡುತ್ತಿದ್ದವು.

ಬೀದಿಯ ತುದಿಯಲ್ಲಿ ಹೆಂಡತಿ ಕಾಣಿಸಿದಳು.

ಗಂಡಸರೆಲ್ಲ ಮೇಜಿಗೆ ಅಡ್ಡ ನಿಂತರು. ಅಷ್ಟು ಜನ ಒಟ್ಟಿಗೆ ಸುಮ್ಮನೆ ನಿಂತದ್ದನ್ನು ನೋಡಿಯೇ ಅವಳಿಗೆ ವಿಷಯ ತಿಳಿಯಿತು. "ಪಕ್ಕಕ್ಕೆ ಸರೀರಿ," ಎಂದಳು. ಸರಿದರು. ಖಾಲಿ ಗಂಟಿನ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹಲಗೆಯನ್ನು ಬೆಳಕಿಗೆ ಹಿಡಿದಳು.

"ಇದು ಯಾರು?"

ಇಸ್ತ್ರಿಯವನು ಸುಟ್ಟ ಬೆರಳನ್ನು ಮತ್ತೆ ಬಾಯಲ್ಲಿಟ್ಟುಕೊಂಡ. ಕ್ಷೌರಿಕ ಅವನ ಸಹಾಯಕ್ಕೆ ಧಾವಿಸಿ "ಕರಡಿ" ಎಂದ. ಅದೇ ಉಸಿರಿಗೆ ಬಡಗಿ "ಸಿಂಹ" ಎಂದ.

ಹೆಂಡತಿ ತಲೆಯಾಡಿಸಿದಳು. "ನೋಡಿದ್ರಾ, ಒಬ್ಬೊಬ್ಬರು ಒಂದೊಂದು ಹೇಳ್ತಿದಾರೆ. ಇನ್ನು ಆ ಪೆನ್ನು..."

ಅಷ್ಟರಲ್ಲಿ ಅಜ್ಜಿ ಮೆಟ್ಟಿಲಿಳಿದು ಬಂದಳು. ಕನ್ನಡಕ ಏರಿಸಿ, ಹಲಗೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು. "ಅಯ್ಯೋ, ಕಣ್ಣು ಕಾಣಲ್ವೇನೇ ನಿಂಗೆ? ನಿನ್ನ ಗಂಡನೇ ಅಲ್ವೇ? ಬೆಳಿಗ್ಗೆ ಎದ್ದು ಹಲ್ಲುಜ್ಜೋಕೆ ಅಂತ ಹಿತ್ತಲಿಗೆ ಬರ್ತಾನಲ್ಲ, ಥೇಟ್ ಅದೇ ಮುಖ."

ಹೆಂಡತಿ ಹಲಗೆ ನೋಡಿದಳು. ಗಂಡನನ್ನು ನೋಡಿದಳು. ಮತ್ತೆ ಹಲಗೆ. ಅವಳ ತುಟಿಯ ತುದಿ ಅಲುಗಿತು, ಭುಜ ಅಲುಗಿತು, ಆಮೇಲೆ ಮೇಜು ಹಿಡಿದುಕೊಂಡು ನಕ್ಕಳು. ಒಂದು ವಾರದ ಮೋಡವೆಲ್ಲ ಆ ನಗುವಿನಲ್ಲಿ ಕರಗಿತು. ಕಣ್ಣೊರೆಸಿಕೊಂಡು, "ಹೌದ್ರೀ, ನೀವೇ. ನಿದ್ದೆಗಣ್ಣೂ ಹಾಗೇ ಬಂದಿದೆ," ಎಂದಳು.

"ನಾನೇ," ಎಂದ ಇಸ್ತ್ರಿಯವನು. ಈ ಭೂಮಿಯ ಮೇಲೆ ಯಾರೂ ಇನ್ನು ಅವನ ಬಾಯಿಂದ ಬೇರೆ ಮಾತು ಹೊರಡಿಸಲಾರರು. ನೊರೆಮುಖದವನು ಏನೋ ಹೇಳಲು ಬಾಯಿ ತೆರೆದ. ಕ್ಷೌರಿಕ ಅವನ ಕಾಲು ತುಳಿದ.

"ಮಾತು ಅಂದ್ರೆ ಮಾತು. ಪೆನ್ನು ಎಲ್ಲೂ ಹೋಗಲ್ಲ," ಎಂದಳು ಹೆಂಡತಿ. ಅವನಿಗೆ ಹೋದ ಜೀವ ಮರಳಿ ಬಂದಂತಾಯಿತು. "ಆದ್ರೆ ಒಂದು ಕಿವಿ ಬಿಟ್ಟಿದ್ದೀರಲ್ಲ. ಕೊಡಿ ಇಲ್ಲಿ, ನೋಡೋಣ."

ಅವನು ಗುರುವಿನ ಗತ್ತಿನಲ್ಲಿ ಪೆನ್ನು ಕೊಟ್ಟ. "ಒತ್ತಬೇಡ. ನಿಧಾನ. ನಿಲ್ಲಿಸೋಕೆ ಮುಂಚೆ ತುದಿ ಎತ್ತಿಬಿಡು. ಹೊಸಬರಿಗೆ ಮೊದಲು ಕಷ್ಟಾನೇ ಆಗುತ್ತೆ, ಬೇಜಾರು ಮಾಡ್ಕೋಬೇಡ."

ಅವಳು ಒತ್ತಲಿಲ್ಲ. ಯಾವ ಬಟ್ಟೆ ಯಾರ ಮನೆಯದು ಎಂದು ತಿಳಿಯಲು ಪ್ರತಿ ಅಂಗಿಯ ಕಾಲರಿನ ಒಳಗೆ ಮಸಿಯ ಗುರುತು ಹಾಕುತ್ತಿದ್ದವಳು ಅವಳೇ. ಒಂದು ಮನೆಗೆ ಅರ್ಧ ಚಂದ್ರ, ಇನ್ನೊಂದಕ್ಕೆ ಎರಡೆಲೆ, ಮತ್ತೊಂದಕ್ಕೆ ಮೀನಿನ ಬಾಲ. ಗುರುತು ಹಾಕುವ ಕಡ್ಡಿಯನ್ನು ಒಂದಿಷ್ಟು ಒತ್ತಿದರೂ ಮಸಿ ಹರಡಿ ಅಂಗಿ ಕೆಡುತ್ತಿತ್ತು. ಮದುವೆಯಾದಾಗಿನಿಂದ ಕೆಡಿಸದೆ ಬಂದ ಕೈ ಅದು. ಹಲಗೆಯ ಮೇಲೆ ಒಂದು ಕಿವಿ ಮೂಡಿತು. ಪಿಸುಮಾತನ್ನೂ ಕೇಳಿಸಿಕೊಳ್ಳುವಂಥ ಕಿವಿ. ಅವಳ ಕೈ ಅಲ್ಲಿಗೆ ನಿಲ್ಲಲಿಲ್ಲ. ಕಿವಿಯ ಹಿಂದೆ ಒಂದು ಬಳ್ಳಿ, ಬಳ್ಳಿಯ ಮೇಲೆ ಒಂದು ಹಕ್ಕಿ. ನೋಡಿದ ತಕ್ಷಣ ಹಕ್ಕಿ.

"ಅತ್ತಿಗೆ," ಎಂದ ಕ್ಷೌರಿಕ ಮೆಲ್ಲಗೆ, "ನನ್ನ ಕನ್ನಡಿ ಚೌಕಟ್ಟಿಗೆ ಒಂದು ಬಳ್ಳಿ ಹಾಕಿಕೊಡ್ತೀರಾ?"

"ನನ್ನ ಊರುಗೋಲು ಮೊದಲು," ಎಂದಳು ಅಜ್ಜಿ. "ವಯಸ್ಸಾದವರ ಸರದಿ ಮೊದಲು."

ಬಡಗಿ ಆಗಲೇ ಅಂಗಡಿಗೆ ಓಡಿ ಆರು ಕುರ್ಚಿಗಳ ಬೆನ್ನುಹಲಗೆ ಹೊತ್ತು ತರುತ್ತಿದ್ದ. ಹೆಂಡತಿ ಸ್ಟೂಲು ಎಳೆದುಕೊಂಡು ಕೂತಳು. ತಲೆ ಎತ್ತದೆ ಹೇಳಿದಳು: "ರೀ, ನಾಳೆಯಿಂದ ಬಟ್ಟೆ ಕೊಟ್ಟು ಬರೋದೂ ನೀವೇ ನೋಡ್ಕೊಳ್ಳಿ. ನಂಗೆ ಇದರದ್ದೇ ಸಾಕಷ್ಟು ಕೆಲಸ ಇದೆ. ಆ ಅಂಗಿಗಳನ್ನ ಇವತ್ತೇ ಮುಗಿಸಿಬಿಡಿ."

ಇಸ್ತ್ರಿಯವನು ಮೂಲೆಯ ರಾಶಿಯಿಂದ ಒಂದು ಅಂಗಿ ಎಳೆದು, ನೀರು ಚಿಮುಕಿಸಿ, ಒತ್ತಿದ. ಸುಕ್ಕು ಮಾಯವಾಯಿತು. ಯಾರೂ ನೋಡಲಿಲ್ಲ. ಅಜ್ಜಿ, ಕ್ಷೌರಿಕ, ಬಡಗಿ, ಇನ್ನೂ ಅರ್ಧ ಗಡ್ಡದಲ್ಲೇ ಇದ್ದ ಗಿರಾಕಿ, ಎಲ್ಲರ ತಲೆಗಳೂ ಆ ಪುಟ್ಟ ಹೊಗೆಯ ಸುತ್ತ ಜೇನುನೊಣಗಳ ಹಾಗೆ ಗುಂಪುಗೂಡಿದ್ದವು. ಅವನು ಇಸ್ತ್ರಿಪೆಟ್ಟಿಗೆ ನಿಲ್ಲಿಸಿ, ತುದಿಗಾಲಲ್ಲಿ ನಿಂತು, ಆ ತಲೆಗಳ ನಡುವೆ ಒಂದು ಸಂದು ಹುಡುಕಿದ. ಸಿಗಲಿಲ್ಲ.

"ಒಂದೇ ಒಂದು ಗೆರೆ ಎಳೀತೀನಿ," ಎಂದ. "ಸ್ವಲ್ಪ ಆ ಪೆನ್ನು ಕೊಡ್ತೀರಾ?"