ಅಲುಗದ ಹುಳು

"ನೋಡೇ ಜ್ವಾಲ, ಒಂದು ಬೆರಳು ಸೋಕಿಸಿಲ್ಲ, ಒಂದು ಹನಿ ಔಷಧಿ ಬಿಟ್ಟಿಲ್ಲ. ಆದರೂ ಹೇಗೆ ನಿಂತಿದೆ ನೋಡು!"

ಅಂಗಳದ ದಾಸವಾಳದ ಗಿಡದ ಮುಂದೆ ಮಂಡಿಯೂರಿದ್ದ ಧರಣೇಂದ್ರಯ್ಯ ಹೆಂಡತಿಯನ್ನು ಕೂಗಿದರು. ಜ್ವಾಲಮ್ಮ ನೀರು ಸೋಸುವ ಬಟ್ಟೆ ಹಿಂಡುತ್ತಲೇ ಬಂದು ಬಗ್ಗಿದರು. ಎಲೆಯ ಮೇಲೊಂದು ಗುಲಗಂಜಿ ಹುಳು. ರೆಕ್ಕೆ ಅರ್ಧ ತೆರೆದು, ಒಂದು ಕಾಲೆತ್ತಿ, ಕೆತ್ತಿಟ್ಟ ಹಾಗೆ ನಿಂತಿತ್ತು.

ನೀರನ್ನು ಸೋಸಿ ಕುಡಿಯುವ, ಹೊತ್ತು ಮುಳುಗುವ ಮುಂಚೆ ಉಂಡು ಕೈತೊಳೆಯುವ ಜೈನರ ಮನೆ ಅದು. ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ಧರಣೇಂದ್ರಯ್ಯನಿಗೆ ಮುಪ್ಪಿನಲ್ಲಿ ಹತ್ತಿದ ಹುಚ್ಚು ಹುಳುಗಳ ಫೋಟೋ. ಸಾಸಿವೆಯಷ್ಟು ಹುಳು ಮೀಸೆಯಿಂದ ಪಾದದವರೆಗೆ ಸ್ಪಷ್ಟವಾಗಿ ಕಾಣಬೇಕಾದರೆ ಇನ್ನೂರು ಫೋಟೋ ತೆಗೆದು ಒಂದರ ಮೇಲೊಂದು ಕೂಡಿಸಬೇಕು. ಅಷ್ಟು ಹೊತ್ತು ಅದು ಅಲುಗಬಾರದು. ಅದಕ್ಕಾಗಿ ಕೆಲವರು ಹುಳುವನ್ನು ಫ್ರಿಜ್ಜಿನಲ್ಲಿಡುತ್ತಾರೆಂದು ಕೇಳಿದ ದಿನ ಅವರು ಊಟವನ್ನೇ ಬಿಟ್ಟಿದ್ದರು. ಹಟದಿಂದ ಕಟ್ಟಿದ್ದೇ ಈ ಶಾಂತಿಯಂತ್ರ: ಕ್ಯಾಮೆರಾದ ಮೂತಿಗೆ ತಾಮ್ರದ ತಂತಿ ಸುತ್ತಿದ ಬಳೆ, ಅದಕ್ಕೆ ಹಳೆಯ ರೇಡಿಯೋದ ಎರಡು ಏರಿಯಲ್ ಕೊಂಬು, ಪಕ್ಕದಲ್ಲೊಂದು ಗುಂಡಿ.

"ಗುಂಡಿ ಒತ್ತಿದರೆ ಜೀವದ ಚಂಚಲತೆ ಹೊರಗೆ ಬರ್ತದೆ. ಜೀವಕ್ಕೆ ಏನೂ ಆಗೋದಿಲ್ಲ!"

"ಹೊರಗೆ ಬಂದದ್ದು ಎಲ್ಲಿಗೆ ಹೋಗ್ತದೆ?"

"ಎಲ್ಲಿಗೋ! ಗಾಳಿಗೆ!"

"ಗಾಳಿಗೆ ಹೋದದ್ದು ಮತ್ತೆ ಯಾವುದಾದರೂ ಮನೆ ಹುಡುಕ್ತದಲ್ಲ ರೀ?"

ಧರಣೇಂದ್ರಯ್ಯ ಆಗಲೇ ಮುಂದಿನ ಎಲೆಗೆ ಹೋಗಿದ್ದರು. ಮೊದಲು ಕೇಳಿದ ಪ್ರಶ್ನೆಯನ್ನು ಜನ ಕೊನೆಗೇ ಕೇಳಿಸಿಕೊಳ್ಳುವುದು. ಲೋಕದ ರೂಢಿ ಅದು.

ಸಂಜೆಯೊಳಗೆ ಇರುವೆ, ಗಿಡಹೇನು, ಮಿಡತೆಮರಿ ಸೇರಿ ನಲವತ್ತೊಂದು ಜೀವ ನಿಂತವು. ಹೊರಬಿದ್ದ ಚಂಚಲತೆ ಹೋಗಿ ಸೇರಿದ ಮನೆ ಮಾರನೆಯ ದಿನವೇ ಗೊತ್ತಾಯಿತು. ಧರಣೇಂದ್ರಯ್ಯ ತುತ್ತು ಬಾಯಿಗಿಟ್ಟು ತಟ್ಟೆಯ ಸುತ್ತ ಮೂರು ಸುತ್ತು ಬಂದರು! ಮೊದಲಿಂದಲೂ ಅವರು ಉಣ್ಣುತ್ತ ಉಣ್ಣುತ್ತ ಸ್ಕ್ರೂ ನೆನಪಾಗಿ ಎದ್ದು ಹೋಗುವವರೇ. ಆದರೆ ಸುತ್ತು ಬರುವವರಲ್ಲ. ಆಮೇಲೆ ಸಕ್ಕರೆ ಡಬ್ಬಿಯಿಂದ ಒಂದೊಂದೇ ಹರಳನ್ನು ಗೋಡೆಯ ಅಂಚಿನಲ್ಲೇ ಹೊತ್ತು ದೇವರಮನೆಯ ಸಂದಿಗೆ ಸೇರಿಸತೊಡಗಿದರು. ಎದುರು ಸಿಕ್ಕ ಪೋಸ್ಟ್‌ಮ್ಯಾನನ ಹಣೆಗೆ ಹಣೆ ತಾಗಿಸಿ, ಕ್ಷಣ ನಿಂತು, ದಾರಿ ಬಿಟ್ಟರು.

"ಜ್ವಾಲಕ್ಕಾ!" ಬೇಲಿಯಾಚೆಯಿಂದ ನೆರೆಮನೆಯ ಬೋರಮ್ಮ ಕೂಗಿದಳು. "ಧರಣಣ್ಣ ನಮ್ಮ ಕೊಟ್ಟಿಗೆ ಮೇಲಿಂದ ಹುಲ್ಲಿಗೆ ಎಗರಿದ್ರು! ಈ ವಯಸ್ಸಲ್ಲಿ ಸೊಂಟ ಹೋದ್ರೆ ಯಾರಕ್ಕಾ ನೋಡೋರು?"

"ಸೊಂಟ ಇದ್ದಾಗ ನೋಡಿದೋಳೇ, ಹೋದಾಗ್ಲೂ ನೋಡ್ತಾಳೆ. ನೀನು ಹುಲ್ಲು ಸರಿಮಾಡ್ಕೋ," ಎಂದರು ಜ್ವಾಲಮ್ಮ. ನಾಲಿಗೆ ಹಾಗೆಂದರೂ ಕಣ್ಣು ಗಂಡನ ಮೇಲೇ ಇತ್ತು. ಹಿಂದಿನ ರಾತ್ರಿಯಿಂದ ಅವರು ರೆಪ್ಪೆ ಮುಚ್ಚಿರಲಿಲ್ಲ.

ಮೂರನೆಯ ಬೆಳಿಗ್ಗೆ ಅಕ್ಕಿಹಿಟ್ಟಿನ ರಂಗೋಲಿ ಹಾಕಿ ಎದ್ದವರು ನೋಡುತ್ತಾರೆ, ಒಂದು ಇರುವೆಯೂ ಬಂದಿಲ್ಲ. ಇರುವೆಗಳ ಪಾಲೆಂದೇ ದಿನವೂ ಹಾಕುವ ಹಿಟ್ಟು ಅದು. ದಾಸವಾಳದ ಬಳಿ ಹೋದರು. ಮೊನ್ನೆಯ ಇರುವೆಗಳು ಮೊನ್ನೆಯ ಎಲೆಗಳ ಮೇಲೇ ಇದ್ದವು. ಗುಲಗಂಜಿ ಹುಳುವಿನ ಎತ್ತಿದ ಕಾಲು ಇನ್ನೂ ಎಲೆ ಮುಟ್ಟಿರಲಿಲ್ಲ. ಅವರು ನೋಡುತ್ತಿದ್ದಂತೆಯೇ ಒಂದು ಗಿಡಹೇನು ಒಣಗಿದ ಹೊಟ್ಟಿನ ಹಾಗೆ ಉದುರಿತು.

ಅದನ್ನು ಅಂಗೈಯಲ್ಲಿಟ್ಟುಕೊಂಡು, ಅಂಗಳದಲ್ಲೇ ಸುತ್ತುತ್ತಿದ್ದ ಗಂಡನ ಮುಂದೆ ಹಿಡಿದರು.

"ಚಂಚಲತೆ ಹೋದರೆ ಹಸಿವೂ ಹೋಗ್ತದೆ, ಹುಡುಕಾಟವೂ ಹೋಗ್ತದೆ. ಇವು ಉಪವಾಸ ಬಿದ್ದಿವೆ ಕಣ್ರೀ."

ಧರಣೇಂದ್ರಯ್ಯನ ಮುಖ ಬಿಳಿಚಿತು. "ಸಲ್ಲೇಖನ..." ಎಂದರು.

"ಸಲ್ಲೇಖನ ತಾವಾಗಿ ತಗೊಳ್ಳೋ ಉಪವಾಸದ ಸಾವು. ಇದು ನೀವು ಕೊಟ್ಟದ್ದು."

ಆ ಮಾತು ನಾಟಿತು. ಹುಟ್ಟಿದಾಗಿನಿಂದ ಒಂದು ಸೊಳ್ಳೆಯನ್ನೂ ಹೊಡೆಯದ ಮನುಷ್ಯ ನೆಲಕ್ಕೆ ಕುಸಿದು ಅತ್ತರು. ಅಳುವಾಗಲೂ ಕಾಲು ಕುಪ್ಪಳಿಸುತ್ತಿತ್ತು!

"ತಂತಿ ತಿರುಗಿಸಿ ಕಟ್ಟಿದರೆ ವಾಪಸ್ ಹೋಗ್ತದೆ. ಆದರೆ ನನ್ನ ಕೈ ನಿಲ್ತಿಲ್ಲ, ಜ್ವಾಲ. ಗುಂಡಿ ನೀನೇ ಒತ್ತು."

ಹೇಳಿಕೊಟ್ಟಂತೆ ಜ್ವಾಲಮ್ಮ ತಂತಿ ತಿರುಗಿಸಿದರು. ಬೆರಳು ಗುಂಡಿಯ ಮೇಲೆಯೇ ನಿಂತಿತು.

"ಅವುಗಳ ಚಂಚಲತೆ ಜೊತೆ ನಿಮ್ಮದೂ ಹೊರಟುಹೋದರೆ?"

"ಯಂತ್ರಕ್ಕೆ ನಂದು, ಅವುಗಳದು ಅಂತ ಗೊತ್ತಾಗೋಲ್ಲ." ಧರಣೇಂದ್ರಯ್ಯ ಗಿಡದತ್ತ ತಿರುಗಿದರು. "ಹೊತ್ತು ಮಾಡಬೇಡ. ಇನ್ನೂ ನಲವತ್ತಿವೆ."

ಜ್ವಾಲಮ್ಮ ಕಣ್ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಂಡು ಒತ್ತಿದರು.

ಗುಲಗಂಜಿ ಹುಳು ಎತ್ತಿದ ಕಾಲನ್ನು ಇಳಿಸಿತು. ಇರುವೆಗಳು ಅವಸರದಿಂದ ಹೊರಟವು. ಮಿಡತೆಮರಿ ಚಂಗನೆ ಹಾರಿತು. ಏಳಲು ಹೊರಟಿದ್ದ ಧರಣೇಂದ್ರಯ್ಯ ಎದ್ದು ನಿಂತವರು ನಿಂತೇಬಿಟ್ಟರು. ಕೈ ಇಳಿಬಿಟ್ಟು, ನೋಟ ನೇರ, ಬೆಟ್ಟದ ಗೊಮ್ಮಟನ ಹಾಗೆ. ಕ್ಯಾಮೆರಾ ತನ್ನಷ್ಟಕ್ಕೆ ತಾನೇ ಅವರ ಇನ್ನೂರು ಫೋಟೋ ತೆಗೆಯಿತು. ಒಂದೂ ಮಸುಕಾಗಲಿಲ್ಲ!

ಜ್ವಾಲಮ್ಮ ಕೂಗಿದರು, ಅಲುಗಿಸಿದರು. ಗುಂಡಿಯನ್ನು ಮತ್ತೆ ಒತ್ತಿದರು. ಸುಟ್ಟ ವಾಸನೆ ಬಂತು, ಅಷ್ಟೆ. ಮೂಗಿನ ಹತ್ತಿರ ಕೈಯಿಟ್ಟರೆ ಉಸಿರು ತಣ್ಣಗೆ ಆಡುತ್ತಿತ್ತು. ಮೂರು ದಿನ ಹಸಿದಿದ್ದ ಇರುವೆಗಳು ಅವರ ಪಾದದಿಂದ ಮೊಣಕಾಲಿಗೆ, ಮೊಣಕಾಲಿಂದ ಕೊರಳಿಗೆ ಹತ್ತಿದವು. ಕೈಯಿಂದ ಒರೆಸಿದರೆ ಒಂದೆರಡಾದರೂ ಸಾಯುತ್ತವೆ. ಜ್ವಾಲಮ್ಮ ಅಕ್ಕಿಹಿಟ್ಟಿನ ಬಟ್ಟಲು ತಂದು ಗಂಡನ ಪಾದದ ಸುತ್ತ, ಚುಕ್ಕಿ ತಪ್ಪದಂತೆ, ದೊಡ್ಡದೊಂದು ರಂಗೋಲಿ ಬಿಟ್ಟರು. ಇರುವೆಗಳು ಸಾಲಾಗಿ ಇಳಿದು ಬಂದವು.

ಹೊತ್ತು ಇಳಿಯುವ ಮುನ್ನ ಗಂಜಿ ತಂದು ಚಮಚದಿಂದ ಬಾಯಿಗೆ ಬಿಟ್ಟರು. ಗಂಟಲು ಮೆಲ್ಲಗೆ ನುಂಗಿತು. ಬೇಲಿಯಾಚೆ ಬೋರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ಹಿಂಗೇ ಎಷ್ಟು ದಿನ ಅಕ್ಕಾ?"

ಜ್ವಾಲಮ್ಮ ಗಂಡನ ತುಟಿಯ ಅಂಚನ್ನು ಸೆರಗಿನಿಂದ ಒರೆಸಿ, ಖಾಲಿ ಬಟ್ಟಲನ್ನು ನೋಡಿದರು.

"ಯಾರಿಗೆ ಗೊತ್ತು. ಮದುವೆಯಾಗಿ ಮೂವತ್ತೆಂಟು ವರ್ಷ. ಉಣ್ಣುವಾಗ ಎದ್ದು ಹೋಗದೇ ಇದ್ದದ್ದು ಇದೇ ಮೊದಲು ಕಣಮ್ಮ."