ಕಾಲು ಸುತ್ತು

ತಲ್ಲೂರಿನ ಶೈಲೇಶ್ ಮಂಗಳವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, ತನ್ನ ಎಲೆಕ್ಟ್ರಿಕ್ ಗಿಟಾರಿನ ಬಾಗಿದ ಕುತ್ತಿಗೆಯನ್ನು ತಾನೇ ನೆಟ್ಟಗೆ ಮಾಡುವುದಾಗಿ ಘೋಷಿಸಿದ. ಕೇಳಿದವರು ಇಬ್ಬರು. ದೋಸೆ ಹೊಯ್ಯುತ್ತಿದ್ದ ಹೆಂಡತಿ ಸುಪ್ರೀತಾ, ಒಣಮೀನಿನ ಡಬ್ಬಿಗೆ ಉಪ್ಪು ಹಾಕುತ್ತಿದ್ದ ತಾಯಿ ವನಜ.

ಕೇಡು ಮಾಡಿದ್ದು ಮಳೆ. ಆಷಾಢದ ಥಂಡಿ ಕುಡಿದು ಮರ ಉಬ್ಬಿ, ಕುತ್ತಿಗೆ ಮುಂದಕ್ಕೆ ಬಾಗಿ, ತಂತಿಗಳು ಬೆರಳು ನೋಯುವಷ್ಟು ಮೇಲೆದ್ದಿದ್ದವು. ಭಾನುವಾರ ಸಾಲಿಗ್ರಾಮದಲ್ಲಿ ಗೋವರ್ಧನರ ರಸಮಂಜರಿ ತಂಡದ ಜೊತೆ ಅವನು ಮೊದಲ ಸಲ ನುಡಿಸಬೇಕಿತ್ತು. ಅವರು ಮೆಚ್ಚಿದರೆ ತಂಡದಲ್ಲಿ ಕಾಯಂ. ಆರು ವರ್ಷದಿಂದ ಅವನು ಕಾದಿದ್ದು ಇದೊಂದಕ್ಕೆ.

"ಕುಷ್ಟಣ್ಣನಿಗೆ ಒಂದ್ ಸಲ ತೋರ್ಸಿ," ಎಂದಳು ಸುಪ್ರೀತಾ. ಕುಷ್ಟ ಪಕ್ಕದ ಮನೆಯವನು, ದೋಣಿ ಕಟ್ಟುವ ಬಡಗಿ.

"ದೋಣಿ ಕಟ್ಟುವರಿಗೆ ಗಿಟಾರ್ ಎಂತ ಗೊತ್ತಾತ್ತ್? ಕುತ್ತಿಗೆ ಒಳ್ಗ್ ಒಂದ್ ಕಬ್ಬಿಣದ ಸರಳ್ ಇತ್ತ್. ಅಲೆನ್ ಕೀ ಹಾಕಿ ಕಾಲ್ ಸುತ್ತ್ ತಿರ್ಗ್ಸ್ರೆ ಆಯ್ತ್. ನಾನ್ ವಿಡಿಯೋ ಕಂಡಿದೆ."

ಕಾಲು ಸುತ್ತು ತಿರುಗಿಸಿದ. ಏನೂ ಆಗಲಿಲ್ಲ. ತಿರುಗಿಸಿದ ಮೇಲೆ ಒಂದು ದಿನ ಕಾಯಬೇಕೆಂದು ವಿಡಿಯೋದಲ್ಲಿ ಹೇಳುವಾಗ ಇವನು ಅದನ್ನು ಜಾಹೀರಾತೆಂದು ಮುಂದಕ್ಕೆ ಓಡಿಸಿದ್ದ. ಇನ್ನೊಂದು ಕಾಲು, ಮತ್ತೊಂದು ಕಾಲು. ಬುಧವಾರ ಎದ್ದು ನೋಡಿದರೆ ಕುತ್ತಿಗೆ ಹಿಂದಕ್ಕೆ ಬಾಗಿತ್ತು. ತಂತಿಗಳು ಕಫ ಕಟ್ಟಿದ ಗಂಟಲಿನ ಹಾಗೆ ಗೊರಗೊರ ಎಂದವು. ಸಡಿಲಿಸಿದ, ಗುರುವಾರ ಮುಂದಕ್ಕೆ. ಬಿಗಿದ, ಶುಕ್ರವಾರ ಹಿಂದಕ್ಕೆ. ಪ್ರತಿ ಸಲವೂ ಗಿಟಾರನ್ನು ಕೋವಿಯಂತೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ತಲೆ ಬಲಕ್ಕೆ ವಾಲಿಸಿ ಪರೀಕ್ಷಿಸುತ್ತಿದ್ದ.

ಶನಿವಾರ ಬೆಳಿಗ್ಗೆ ಬಲಕ್ಕೆ ವಾಲಿದ ತಲೆ ವಾಪಸು ಬರಲಿಲ್ಲ.

"ಅಮ್ಮಾ, ಕುತ್ತಿಗೆ..." ಎಂದು ನರಳಿದ.

"ಮತ್ತೂ ಬಗ್ಗಿತಾ? ಕೀ ಹಾಕ್ ಮಗ," ಎಂದಳು ವನಜ, ಡಬ್ಬಿಯಿಂದ ತಲೆಯೆತ್ತದೆ.

ಆಮೇಲೆ ತಿರುಗಿ ನೋಡಿ ಗಾಬರಿಯಾದಳು. ಮೀನಿಗೆಂದಿದ್ದ ಉಪ್ಪನ್ನೇ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಮಗನ ಕುತ್ತಿಗೆಗೆ ಶಾಖ ಕೊಟ್ಟಳು. ಅಷ್ಟರಲ್ಲಿ ಸುಪ್ರೀತಾ ಯಾರನ್ನೂ ಕೇಳದೆ ಕುಷ್ಟನನ್ನು ಕರೆತಂದಳು. ಅವನು ಗಿಟಾರಿನ ಮರವನ್ನು ಹೆಬ್ಬೆರಳಿನಿಂದ ಸವರಿದ, ಕಾಲು ಸುತ್ತು ತಿರುಗಿಸಿದ, ಕೀಯನ್ನು ತನ್ನ ಕಿಸೆಗೆ ಹಾಕಿಕೊಂಡ.

"ಮಳೆ ಕುಡ್ದ್ ಮರ. ಅದ್ಕೆ ಪುರ್ಸೊತ್ತ್ ಕೊಡ್ಕ್. ನಾಳೆವರಿಗೆ ಮುಟ್ಬೇಡ."

ಭಾನುವಾರ ಗಿಟಾರ್ ನೆಟ್ಟಗಿತ್ತು, ಶೈಲೇಶ್ ನೆಟ್ಟಗಿರಲಿಲ್ಲ. ಎಡಗೈ ಬೆರಳು ಎಲ್ಲಿದೆಯೆಂದು ನೋಡಲು ಕುತ್ತಿಗೆ ಎಡಕ್ಕೆ ತಿರುಗದು. ಕಾಣುತ್ತಿದ್ದವಳು ವೇದಿಕೆಯ ಬಲಗಡೆ ನಿಂತ ಸುಪ್ರೀತಾ ಒಬ್ಬಳೇ. ಅವಳ ಮುಖ ನೋಡಿಕೊಂಡೇ ಅಂದಾಜಿನ ಮೇಲೆ ನಾಲ್ಕು ಹಾಡು ನುಡಿಸಿ ಮುಗಿಸಿದ.

ಗೋವರ್ಧನ ಹತ್ತಿರ ಬಂದರು. "ಲಾಯ್ಕ್ ಆಯ್ತ್. ಮುಂದಿನ ವಾರ ಬೈಂದೂರಿಗೂ ಬನಿ. ಈ ಮಳೆಯಲ್ಲೂ ಗಿಟಾರ್ ಇಷ್ಟ್ ಸಮ ಇತ್ತಲ್ಲ, ಯಾರ್ ಮಾಡಿದ್ದ್?"

ಶೈಲೇಶನ ಎದೆ ಉಬ್ಬಿತು. "ಅದ್, ನಾನೇ..."

"ಗಿಟಾರ್ ಸಮ ಮಾಡಿದ್ದ್ ಕುಷ್ಟಣ್ಣ," ಎಂದಳು ಸುಪ್ರೀತಾ. "ಇವ್ರ್ ತಿರ್ಗ್ಸಿದ್ದ್ ಇವ್ರ ಕುತ್ತಿಗೆ ಮಾತ್ರ. ಕಾಲ್ ಸುತ್ತ್ ಹೆಚ್ಚಾಯ್ತ್."

ಹಾಗೇನಿಲ್ಲ ಎಂದು ತಲೆ ಅಲ್ಲಾಡಿಸಲು ಶೈಲೇಶ್ ನೋಡಿದ. ಅದೂ ಆಗಲಿಲ್ಲ.